ಟಿಸಿ ಇಲ್ಲದ ಮಕ್ಕಳನ್ನು ಶಾಲೆಗೆ ಸೇರಿಸಿದ್ದು: ನನ್ನ ಅನುಭವ

ನಾನು ಮೇಷ್ಟ್ರಲ್ಲ. ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಈ ಕೆಲಸಕ್ಕೆ ತರಬೇತಿ ಬೇಕು, ಹಿಂದೆ ಒಂದು ಸಂಸ್ಥೆ ಇರಬೇಕು ಅಂತ ತುಂಬಾ ಜನ ಅಂದುಕೊಂಡು ಸುಮ್ಮನಿರುತ್ತಾರೆ. ನಾನೂ ಹಾಗೇ ಇದ್ದೆ. ನನಗೆ ಬೇಕಾಗಿದ್ದು ಒಂದು ನೋಟ್‌ಬುಕ್, ವಾರಕ್ಕೆ ಅರ್ಧ ದಿನ ರಜೆ, ಆಮೇಲೆ ಸ್ವಲ್ಪ ದಪ್ಪ ಚರ್ಮ.

ನಮ್ಮ ಮನೆ ಹೊರವರ್ತುಲ ರಸ್ತೆಯ ಪಕ್ಕ. 2022ರಲ್ಲಿ ಎದುರಿಗೆ ಒಂದು ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದರ ಹಿಂದೆ ತಗಡಿನ ಶೆಡ್‌ಗಳ ಸಾಲು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಮರಳಿನ ಗುಡ್ಡೆ ಮೇಲೆ ಮಕ್ಕಳು ಆಡುತ್ತಿರುತ್ತಿದ್ದರು. ಶಾಲೆಗೆ ರಜೆ ಇರಬೇಕು ಅಂದುಕೊಳ್ಳುತ್ತಿದ್ದೆ. ತಿಂಗಳಾದ ಮೇಲೆ ಹೊಳೆಯಿತು, ಇಷ್ಟು ರಜೆ ಯಾವ ಶಾಲೆಯಲ್ಲೂ ಕೊಡಲ್ಲ ಅಂತ.

ಒಂದು ಭಾನುವಾರ ನೋಟ್‌ಬುಕ್ ಹಿಡಿದು ಹೋದೆ. ಮೇಸ್ತ್ರಿಗೆ ಮೊದಲು ಅನುಮಾನ, ಲೇಬರ್ ಆಫೀಸಿನವನಾ ಅಂತ. ಟೀ ಕುಡಿದ ಮೇಲೆ ಸರಿಯಾಯಿತು. ಆರರಿಂದ ಹದಿನಾಲ್ಕು ವರ್ಷದೊಳಗಿನ 19 ಮಕ್ಕಳಿದ್ದರು. ಲೆಕ್ಕದವನಲ್ವಾ, ಕಾಲಂ ಎಳೆದೆ: ವಯಸ್ಸು, ಎಷ್ಟನೇ ಕ್ಲಾಸಿನವರೆಗೆ ಓದಿದ್ದು, ಯಾವ ಊರು, ಕೈಯಲ್ಲಿ ಯಾವ ಕಾಗದ ಇದೆ. ಕೊನೇ ಕಾಲಂ ಬಹುತೇಕ ಖಾಲಿ ಉಳಿಯಿತು.

ಅಲ್ಲೇ ಒಬ್ಬ ತಾಯಿಗೆ “ಶಾಲೆಗೆ ಕಳಿಸೋಕೆ ಇಷ್ಟ ಇಲ್ವಾ?” ಅಂತ ಕೇಳಿಬಿಟ್ಟೆ. ಅವಳು ಇಟ್ಟಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. “ಕಳಸ್ಬೇಕಂತ ಅದ ರೀ. ಕೇಳಲಾಕ ಹೋಗಿದ್ದೆವು. ಟಿಸಿ ತರ್ರಿ ಅಂದ್ರು. ಟಿಸಿ ತರಲಾಕ ಊರಿಗಿ ಹೋಗಿ ಬಂದ್ರ ಮೂರು ದಿನದ ಪಗಾರ ಹೋಗ್ತದ.” ಆಮೇಲೆ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿಲ್ಲ.

ಆ ರಾತ್ರಿ ಕೂತು ಶಿಕ್ಷಣ ಹಕ್ಕು ಕಾಯ್ದೆ ಓದಿದೆ. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಆರ್‌ಟಿಇ ಅಂದರೆ ನಮಗೆಲ್ಲ ಖಾಸಗಿ ಶಾಲೆಯ ಶೇ 25 ಸೀಟು ಮಾತ್ರ ಗೊತ್ತು. ಉಳಿದದ್ದನ್ನು ಓದುವವರು ಕಡಿಮೆ. ನನಗೆ ಕೆಲಸಕ್ಕೆ ಬಂದದ್ದು ನಾಲ್ಕೇ ಸೆಕ್ಷನ್. 4ನೆಯದು, ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಬೇಕು ಅನ್ನುತ್ತದೆ. 5ನೆಯದು, ಟಿಸಿ ತಡವಾದರೆ ಅದನ್ನೇ ಕಾರಣ ಮಾಡಿ ಸೇರಿಸಿಕೊಳ್ಳದೇ ಇರುವಂತಿಲ್ಲ ಅನ್ನುತ್ತದೆ. 14ನೆಯದರ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. 15ನೆಯದರ ಪ್ರಕಾರ ದಾಖಲಾತಿ ಸಮಯ ಮುಗೀತು ಅಂತಲೂ ಕಳಿಸುವಂತಿಲ್ಲ. ಈ ಕೊನೆಯದು ಗುಳೆ ಬಂದವರಿಗೆ ತುಂಬಾ ಮುಖ್ಯ. ಶಾಲೆಯ ವರ್ಷ ಶುರುವಾಗುವುದು ಬೇಸಿಗೆ ರಜೆ ಮುಗಿದ ಮೇಲೆ, ಇವರ ವರ್ಷ ಶುರುವಾಗುವುದು ಸುಗ್ಗಿ ಮುಗಿದ ಮೇಲೆ. ಎರಡೂ ಎಲ್ಲೂ ಕೂಡುವುದಿಲ್ಲ. ಆಧಾರ್ ವಿಷಯವೂ ಅಷ್ಟೇ, ಶಾಲೆಗೆ ಸೇರಿಸಲು ಅದು ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದೇ ಹೇಳಿದೆ.

ಇಷ್ಟು ಓದಿಕೊಂಡು, ಎದೆ ಉಬ್ಬಿಸಿಕೊಂಡು, ಹತ್ತಿರದ ಸರ್ಕಾರಿ ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿ ಪೂರ್ತಿ ಕೇಳಿಸಿಕೊಂಡರು. “ಮುಂದಿನ ವಾರ ಬನ್ನಿ” ಅಂದರು. ಮುಂದಿನ ವಾರ ಹೋದೆ. “ಟಿಸಿ ಇಲ್ಲದೆ ಹೆಂಗೆ ಸಾರ್, ಮುಂದಿನ ವಾರ ನೋಡೋಣ” ಅಂದರು. ಇಲ್ಲ ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಇಲ್ಲ ಅಂದಿದ್ದರೆ ಜಗಳಕ್ಕಾದರೂ ಒಂದು ಜಾಗ ಸಿಗುತ್ತಿತ್ತು.

ಆಗ ನನಗೆ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಗೊತ್ತಾಯಿತು ಅವರ ಕಷ್ಟ ಏನು ಅಂತ. ನಮ್ಮ ರಾಜ್ಯದಲ್ಲಿ ಶಾಲೆಗೆ ಸೇರಿದ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯ ನಂಬರ್ ಇರುತ್ತದೆ. ಊರಿನ ಶಾಲೆ ಆ ಮಗುವನ್ನು ಆನ್‌ಲೈನ್‌ನಲ್ಲಿ ಬಿಟ್ಟುಕೊಡುವವರೆಗೆ ಇಲ್ಲಿ ಹೆಸರು ಏರಿಸಲು ಆಗುವುದಿಲ್ಲ. ಹೆಸರು ಏರದಿದ್ದರೆ ಪುಸ್ತಕದ ಲೆಕ್ಕ, ಬಟ್ಟೆಯ ಲೆಕ್ಕ ಯಾವುದೂ ತಾಳೆಯಾಗುವುದಿಲ್ಲ. ಕಷ್ಟಪಟ್ಟು ಸೇರಿಸಿಕೊಂಡ ಮಗು ಮೂರು ತಿಂಗಳಿಗೆ ಊರಿಗೆ ಹೋದರೆ, ಹಾಜರಾತಿ ಯಾಕೆ ಬಿತ್ತು ಅಂತ ನೋಟಿಸ್ ಬರುವುದು ಇವರಿಗೇ. ಲೆಕ್ಕದ ಪುಸ್ತಕ ತಾಳೆಯಾಗದ ಭಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಮೂರನೇ ಸಲ ಒಂದು ಅರ್ಜಿ ಬರೆದುಕೊಂಡು ಹೋದೆ. ಒಂದೇ ಪುಟ. ಮೇಲೆ ಮಕ್ಕಳ ಹೆಸರು, ವಯಸ್ಸು, ಪ್ರತಿ ಹೆಸರಿನ ಮುಂದೆ ತಂದೆ ಅಥವಾ ತಾಯಿಯ ಹೆಬ್ಬೆಟ್ಟು, ವಯಸ್ಸಿನ ಬಗ್ಗೆ ಅವರದೇ ಘೋಷಣೆ. ಕೆಳಗೆ ನಾಲ್ಕು ಸೆಕ್ಷನ್‌ಗಳ ನಂಬರ್. ಆಮೇಲೆ ಒಂದು ಸಾಲು: “ಸೇರಿಸಿಕೊಳ್ಳಲು ಸಾಧ್ಯವಾಗದಿದ್ದಲ್ಲಿ ಕಾರಣವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.” ಕೊನೆಗೆ, ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ. ನನ್ನ ಪ್ರತಿಯ ಮೇಲೆ ಸ್ವೀಕೃತಿ ಅಂತ ಬರೆದು ಸೀಲು ಹಾಕಿಕೊಡಿ ಅಂದೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. “ಇದು ನನ್ನ ಮೇಲೆ ದೂರಾ?”

“ಅಲ್ಲ ಮೇಡಂ. ನಾಳೆ ಯಾರಾದರೂ ಬಂದು ಟಿಸಿ ಇಲ್ಲದೆ ಯಾಕೆ ಸೇರಿಸಿಕೊಂಡ್ರಿ ಅಂತ ಕೇಳಿದರೆ ನೀವು ತೋರಿಸೋಕೆ.”

ನಿಜ ಹೇಳಬೇಕಂದರೆ ನಾನು ಅದನ್ನು ಹೆದರಿಸೋಕೇ ಬರೆದಿದ್ದೆ. ಆ ಮಾತು ಆ ಕ್ಷಣಕ್ಕೆ ಬಾಯಿಗೆ ಬಂತು ಅಷ್ಟೇ. ಆದರೆ ಕೆಲಸ ಮಾಡಿದ್ದು ಅದೇ. ಅವರಿಗೆ ಬೇಕಾಗಿದ್ದು ಫೈಲಿನಲ್ಲಿ ಇಡಲು ಒಂದು ಕಾಗದ. ಸೀಲು ಬಿತ್ತು. ಆಮೇಲೆ ಅವರೇ ಫೋನ್ ತೆಗೆದು ಸಿಆರ್‌ಪಿಗೆ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರಿಗೆ ಮಾತಾಡಿದರು. ಅಂದಿನಿಂದ ನಾನು ಯಾವ ಶಾಲೆಗೆ ಹೋದರೂ ಆ ಕಾಗದವನ್ನು “ನಿಮ್ಮ ಫೈಲಿಗೆ” ಅಂತಲೇ ಕೊಡುತ್ತೇನೆ.

ಊರಿನ ಶಾಲೆಗಳಿಗೆ ಫೋನ್ ಮಾಡುವುದು ಬೇರೆಯೇ ಕಥೆ. 19ರಲ್ಲಿ 11 ಮಕ್ಕಳ ಹೆಸರು ಅಲ್ಲಿ ಇನ್ನೂ ಹಾಜರಿ ಪುಸ್ತಕದಲ್ಲಿತ್ತು. ಒಬ್ಬ ಹೆಡ್‌ಮಾಸ್ಟರು “ಹೆಸರು ತೆಗಿಯೂದು ಬ್ಯಾಡ್ರಿ, ಮಳಿಗಾಲಕ್ಕ ಬರ್ತಾರ” ಅಂದರು. ಅವರ ಲೆಕ್ಕವೂ ಸುಳ್ಳಲ್ಲ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಕಾಯ್ದೆಯೇ ಹೇಳುತ್ತದೆ, ಮಕ್ಕಳ ಸಂಖ್ಯೆ ಇಳಿದರೆ ಅವರ ಶಾಲೆಯಿಂದ ಒಂದು ಹುದ್ದೆ ಹೋಗಬಹುದು. ಹೀಗೆ ಮಗು ಇಲ್ಲಿ, ಹೆಸರು ಅಲ್ಲಿ. ಎರಡು ಕಡೆಯ ಸಿಆರ್‌ಪಿಗಳು ಮಾತಾಡಿಕೊಂಡು ಬಗೆಹರಿಸುವ ಹೊತ್ತಿಗೆ ಸಂಕ್ರಾಂತಿ ಕಳೆದಿತ್ತು.

2023ರ ಜನವರಿ ಕೊನೆಗೆ 14 ಮಕ್ಕಳು ಸೇರಿದರು. ನಾನು ಸಿಹಿ ಹಂಚಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ತಿಂಗಳಾದ ಮೇಲೆ ಹೋಗಿ ನೋಡಿದರೆ ಬರುತ್ತಿದ್ದವರು ಆರು ಜನ.

ಮೊದಲ ಕಾರಣ ರಸ್ತೆ. ಒಂದರಿಂದ ಐದನೇ ಕ್ಲಾಸಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ನಿಯಮ. ಇತ್ತು. ಅಳತೆ ಪಟ್ಟಿ ಇಟ್ಟರೆ ಒಂದು ಕಿಲೋಮೀಟರ್‌ಗೂ ಕಡಿಮೆ. ಮಧ್ಯದಲ್ಲಿ ಹೊರವರ್ತುಲ ರಸ್ತೆ ಅಡ್ಡ ಮಲಗಿತ್ತು, ಮೇಲೆ ಸರ್ವಿಸ್ ರೋಡ್ ಬೇರೆ, ಆರು ವರ್ಷದ ಮಗು ಅದನ್ನು ಹೆಂಗೆ ದಾಟಬೇಕು? ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಹಾಕಿದೆ. ಸ್ಕೂಲ್ ಬ್ಯಾಗ್ ಕೊಡೋಕೆ ನಲವತ್ತು ಜನ ಮುಂದೆ ಬಂದರು. ಬೆಳಿಗ್ಗೆ ಒಂಬತ್ತೂವರೆಗೆ ರಸ್ತೆ ದಾಟಿಸೋಕೆ ಇಬ್ಬರು. ಅದರಲ್ಲಿ ಒಬ್ಬ ನಾನೇ. ಕೊನೆಗೆ ಇಬ್ಬರು ತಾಯಂದಿರು ಸರದಿ ಮೇಲೆ ದಾಟಿಸತೊಡಗಿದರು, ಮೇಸ್ತ್ರಿ ಅವರಿಗೆ ಅರ್ಧ ಗಂಟೆ ತಡವಾಗಿ ಬರಲು ಬಿಟ್ಟ. ಆ ಮೇಸ್ತ್ರಿ ಮಾಡಿದಷ್ಟು ಉಪಕಾರ ನಮ್ಮ ಗ್ರೂಪಿನಲ್ಲಿ ಯಾರೂ ಮಾಡಲಿಲ್ಲ.

ಎರಡನೇ ಕಾರಣ ಒಬ್ಬಳು ಹುಡುಗಿಯಿಂದ ಗೊತ್ತಾಯಿತು. ಹನ್ನೊಂದು ವರ್ಷ. ಕಂಕುಳಲ್ಲಿ ಯಾವಾಗಲೂ ಒಂದೂವರೆ ವರ್ಷದ ತಮ್ಮ. ಅವಳು ಶಾಲೆಗೆ ಹೋದರೆ ಅವನನ್ನು ಯಾರು ನೋಡಬೇಕು? ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದ ಮೇಲೆ. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಅಂತಿತ್ತು. ಹೋಗಿ ಕೇಳಿದರೆ ಒಬ್ಬೊಬ್ಬ ಗುತ್ತಿಗೆದಾರನೂ ತನ್ನ ಹತ್ತಿರ ಹನ್ನೆರಡು, ಹದಿನೈದು ಹೆಂಗಸರು ಅಷ್ಟೇ ಅಂದ. ಎಲ್ಲರನ್ನೂ ಕೂಡಿಸಿದರೆ 50 ದಾಟುತ್ತಿತ್ತು. ಕೂಡಿಸುವವರು ಯಾರು? ನಾನು ಕೂಡಿಸಿ ತೋರಿಸಿದೆ, ಅವರು ನಕ್ಕರು. ಆಮೇಲೆ ಶೆಡ್ಡಿನಲ್ಲೇ ಇದ್ದ ಒಬ್ಬ ಅಜ್ಜಿ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದಳು, ಏಳು ತಾಯಂದಿರು ದಿನಕ್ಕೆ ಮೂವತ್ತು ರೂಪಾಯಿ ಕೊಡುವುದು ಅಂತಾಯಿತು. ಚೆನ್ನಾಗಿ ನಡೆಯಿತು. ಅಜ್ಜಿ ಜಾತ್ರೆಗೆ ಊರಿಗೆ ಹೋದ ಹದಿನೈದು ದಿನ ಏಳು ಅಕ್ಕಂದಿರೂ ಶಾಲೆ ಬಿಟ್ಟರು.

ಮೂರನೆಯದು ನನ್ನದೇ ತಪ್ಪು. ಅದೇ ಹುಡುಗಿಯನ್ನು ವಯಸ್ಸಿಗೆ ತಕ್ಕ ಆರನೇ ಕ್ಲಾಸಿಗೇ ಹಾಕಬೇಕು ಅಂತ ಹಠ ಹಿಡಿದಿದ್ದೆ. ಕಾಯ್ದೆ ಹಾಗೇ ಹೇಳುತ್ತಲ್ವಾ? 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಅವಳು ಎರಡನೇ ಕ್ಲಾಸು. ಆಮೇಲೆ ಶಾಲೆಯ ಮುಖ ನೋಡಿರಲಿಲ್ಲ. ಒಂದು ದಿನ ಅವಳ ವಿಜ್ಞಾನದ ನೋಟ್ಸ್ ತೆಗೆದು ನೋಡಿದೆ. ಮುತ್ತು ಪೋಣಿಸಿದ ಹಾಗೆ ಅಕ್ಷರ. ದ್ಯುತಿಸಂಶ್ಲೇಷಣೆ ಅಂತ ಬರೆದಿದ್ದಳು, ಒಂದು ಒತ್ತಕ್ಷರವೂ ತಪ್ಪಿಲ್ಲ. ಖುಷಿಯಾಗಿ, ಓದು ನೋಡೋಣ ಅಂದೆ. ತಲೆ ತಗ್ಗಿಸಿದಳು. “ಬರೀಲಾಕ ಬರ್ತದ ರೀ. ಓದಲಾಕ ಬರಲ್ಲ.” ಬೋರ್ಡ್ ಮೇಲಿದ್ದದ್ದನ್ನು ರಂಗೋಲಿ ಹಾಕಿದ ಹಾಗೆ ನೋಡಿ ನೋಡಿ ಬಿಡಿಸಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು ಒಂದು ತಿಂಗಳು ಅದನ್ನೇ ಮಾಡಿದ್ದಳು. ಅವಳು ಮಾತಾಡಿದರೆ ಉಳಿದವರು “ಅದ ರೀ, ಹೋಗ್ತದ ರೀ” ಅಂತ ಅಣಕಿಸುತ್ತಿದ್ದರಂತೆ, ಹಾಗಾಗಿ ಬಾಯಿಯನ್ನೂ ಬಿಡುತ್ತಿರಲಿಲ್ಲ.

ಅದೇ ನಾಲ್ಕನೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ: ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿದ ಮಗುವಿಗೆ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕಿದೆ. ನಾನು ಮೊದಲರ್ಧ ಓದಿ ಜಗಳಕ್ಕೆ ಹೋಗಿದ್ದೆ. ದಾರಿ ಕಂಡುಹಿಡಿದದ್ದು ನಲಿ-ಕಲಿ ತರಗತಿಯ, ಅಂದರೆ ಚಿಕ್ಕ ಮಕ್ಕಳಿಗೆ ಕಾರ್ಡ್ ಹಿಡಿದು ಆಟದ ಹಾಗೆ ಕಲಿಸುವ ತರಗತಿಯ ಟೀಚರ್. ಚಿಕ್ಕ ಮಕ್ಕಳ ಜೊತೆ ಕೂತು ಅಆಇಈ ಕಲಿ ಅಂದರೆ ಈ ಹುಡುಗಿ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. “ನನಗೆ ಕಾರ್ಡ್ ಜೋಡಿಸಿಕೊಡೋಕೆ ಒಬ್ಬರು ಬೇಕು, ದಿನಾ ಊಟ ಆದ ಮೇಲೆ ಅರ್ಧ ಗಂಟೆ ಬಾ” ಅಂದರು. ಇವಳು ಕಾರ್ಡ್ ಜೋಡಿಸಿದಳು, ಚಿಕ್ಕವರಿಗೆ ತೋರಿಸಿದಳು, ತೋರಿಸುತ್ತಾ ಓದಲು ಕಲಿತಳು. ಬೇಸಿಗೆ ರಜೆ ಬರುವಷ್ಟರಲ್ಲಿ ಬಸ್ಸಿನ ಬೋರ್ಡ್ ಓದುತ್ತಿದ್ದಳು.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಬಗ್ಗೆ ಒಂದು ಮಾತು. ಆ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ನಾನು ಸಭೆಗೆ ಹೋಗಿ ಮಾತಾಡಿದರೆ “ಯಾವುದೋ ಎನ್‌ಜಿಓದವರು”. ಆ ಇಟ್ಟಿಗೆ ಹೊರುವ ತಾಯಿ ಎದ್ದು, ನಮ್ಮ ಹುಡುಗಿಯನ್ನು ಅಣಕಿಸ್ತಾರೆ ಅಂದಾಗ ಇಡೀ ಕೋಣೆ ಸುಮ್ಮನಾಯಿತು. ಹಾಗಾಗಿ ನಾನು ಆಮೇಲೆ ಬಾಗಿಲ ಹೊರಗೇ ಕೂರುತ್ತಿದ್ದೆ.

ಒಬ್ಬ ಹುಡುಗನನ್ನು ಕಳೆದುಕೊಂಡೆ. ಹದಿಮೂರು ವರ್ಷ, ಲೆಕ್ಕದಲ್ಲಿ ಬಲು ಚುರುಕು, ಸಿಮೆಂಟ್ ಚೀಲದ ಲೆಕ್ಕವನ್ನು ಮೇಸ್ತ್ರಿಗಿಂತ ಬೇಗ ಹೇಳುತ್ತಿದ್ದ. ಏಳನೇ ಕ್ಲಾಸು ಮುಗಿಯಿತು. ಆ ಶಾಲೆ ಅಷ್ಟಕ್ಕೇ ಮುಗಿಯುತ್ತದೆ, ಎಂಟಕ್ಕೆ ಹೈಸ್ಕೂಲು ಬೇರೆ, ಮತ್ತೆ ಟಿಸಿ, ಮತ್ತೆ ಫಾರಂ. ಅಷ್ಟರಲ್ಲಿ ಹದಿನಾಲ್ಕು ತುಂಬಿತು. ಹೀಗೆ ಸೇರಿದ ಮಗುವಿಗೆ ಎಂಟನೇ ಕ್ಲಾಸು ಮುಗಿಯುವವರೆಗೂ ಹಕ್ಕಿದೆ ಅಂತ ನಾಲ್ಕನೇ ಸೆಕ್ಷನ್ ಹೇಳುತ್ತದೆ, ಆದರೆ ಕೂಲಿ ಸಿಗಲು ಶುರುವಾಗುವುದು ಹದಿನಾಲ್ಕಕ್ಕೇ. ಸೆಂಟ್ರಿಂಗ್ ಕೆಲಸಕ್ಕೆ ಹೋದ. ನಾಲ್ಕು ಸಲ ಹೋಗಿ ಕರೆದೆ. ನಾಲ್ಕನೇ ಸಲ ಅವನೇ ನನಗೆ ಟೀ ಕೊಡಿಸಿದ, ತನ್ನ ದುಡ್ಡಿನಲ್ಲಿ. ನೋಟ್‌ಬುಕ್ಕಿನಲ್ಲಿ ಅವನ ಸಾಲಿನ ಮುಂದೆ ಏನು ಬರೆಯಬೇಕು ಅಂತ ಗೊತ್ತಾಗದೆ ಇವತ್ತಿಗೂ ಖಾಲಿ ಬಿಟ್ಟಿದ್ದೇನೆ.

ಸ್ಕಾಲರ್‌ಶಿಪ್ ಕಥೆ ಬೇರೆ ಬರೆಯಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲದೆ ಫಾರಂ ಮುಂದೆ ಹೋಗಲ್ಲ. ಅದಕ್ಕೆ ನಾಡಕಚೇರಿ, ಅದಕ್ಕೆ ಇನ್ನೊಂದು ಸುತ್ತು. ಇರಲಿ.

2024ರ ಬೇಸಿಗೆಗೆ ಅಪಾರ್ಟ್‌ಮೆಂಟ್ ಮುಗಿಯಿತು. ಶೆಡ್‌ಗಳ ತಗಡು ಬಿಚ್ಚುವ ಸುದ್ದಿ ಮೇಸ್ತ್ರಿ ಹದಿನೈದು ದಿನ ಮೊದಲೇ ಹೇಳಿದ. ಈ ಸಲ ನಾನು ಬುದ್ಧಿ ಕಲಿತಿದ್ದೆ. ಹೊರಡುವ ಮೊದಲೇ ಎಲ್ಲರ ಟಿಸಿ ತೆಗೆಸಿದೆವು. ಕೇಳಿದ ತಕ್ಷಣ ಟಿಸಿ ಕೊಡಬೇಕು ಅಂತಲೂ ಅದೇ ಐದನೇ ಸೆಕ್ಷನ್ನಿನಲ್ಲಿದೆ, ಆದರೆ ಮುಖ್ಯ ಶಿಕ್ಷಕಿಗೆ ಅದನ್ನು ತೋರಿಸುವ ಅಗತ್ಯವೇ ಬರಲಿಲ್ಲ, ಭಾನುವಾರ ಬಂದು ಕೂತು ಬರೆದುಕೊಟ್ಟರು. ಪ್ರತಿ ಮನೆಗೆ ಒಂದು ಪ್ಲಾಸ್ಟಿಕ್ ಕವರ್: ಟಿಸಿ, ಅದರ ಎರಡು ಜೆರಾಕ್ಸ್, ಹಿಂದೆ ಮಾರ್ಕರಿನಲ್ಲಿ ದೊಡ್ಡದಾಗಿ ಸ್ಯಾಟ್ಸ್ ನಂಬರ್. ನನ್ನ ಫೋನ್ ನಂಬರ್ ಕೂಡ.

ಜೂನ್‌ನಲ್ಲಿ ಒಂದು ಫೋನ್ ಬಂತು. ಇಟ್ಟಿಗೆ ಹೊರುವ ತಾಯಿ. ಈಗ ವೈಟ್‌ಫೀಲ್ಡ್ ಕಡೆ ಕೆಲಸ. ಹುಡುಗಿಯನ್ನು ಎಂಟಕ್ಕೆ ಸೇರಿಸಲು ಟಿಸಿ ಹಿಡಿದೇ ಹೋಗಿದ್ದಾರೆ. ಇಬ್ಬರು ಸಣ್ಣವರು ಬೇರೆ, ಅಣ್ಣನ ಮಕ್ಕಳು, ಊರಿಂದ ಹೊಸದಾಗಿ ಬಂದವರು, ಅವರ ಹತ್ತಿರ ಏನೂ ಇಲ್ಲ. “ಇಲ್ಲೂ ಮುಂದಿನ ವಾರ ಬರ್ರಿ ಅಂತಾರ ಸಾಹೇಬ್ರ. ಆ ಕಾಗದ ಹೆಂಗ ಬರೀಬೇಕು?”

ನಾನೇ ಬರೆದು ವಾಟ್ಸಾಪ್ ಮಾಡ್ತೀನಿ ಅಂದೆ. ಅಷ್ಟರಲ್ಲಿ ಹುಡುಗಿ ಫೋನ್ ಕಿತ್ತುಕೊಂಡಳು. “ನೀವು ಹೇಳ್ರಿ, ನಾ ಬರಕೋತೀನಿ.”

ಹೇಳಿದೆ. ಪೂರ್ತಿ ಬರೆದ ಮೇಲೆ ನಾನು ಕೇಳದೆಯೇ ಮೊದಲಿನಿಂದ ಓದಿ ತೋರಿಸಿದಳು. ಕೊನೇ ಸಾಲಿನಲ್ಲಿ ನಿಂತಳು.

“ಸ್ವೀಕೃತಿ ಅಂದ್ರ ಕ ಕ್ಕ ಏನ್ ಬರ್ತದ ರೀ?”

ವಟ್ರಸುಳಿ ಅಂದೆ.