ಗಡ್ಡ ನೋಡಿ ಷಾ ಅನ್ನಬೇಡಿ

ಕಜಾರ್ ಮನೆತನದ ಷಾಗಳು, ಅಂದರೆ ದೊರೆಗಳು, ಆಳುತ್ತಿದ್ದ ಕಾಲದ ಇರಾನಿ ತೈಲಚಿತ್ರದಲ್ಲಿ ಕೂತಿರುವುದು ಯಾರು ಅಂತ ಪತ್ತೆ ಮಾಡಬೇಕಾದಾಗ ನಾನು ಮುಖವನ್ನು ಕೊನೆಗೆ ನೋಡುತ್ತೇನೆ. ಕೂಡು ಹುಬ್ಬು, ದೊಡ್ಡ ಕಣ್ಣು, ಕಪ್ಪು ಗಡ್ಡ, ಸಣ್ಣ ಸೊಂಟ. ರಾಜನಿಗೂ ಅದೇ, ಅವನ ಮಕ್ಕಳಿಗೂ ಅದೇ. ಆಗ ಚೆಲುವು ಅಂದರೆ ಹೀಗಿರಬೇಕು ಅಂತ ಒಂದು ಅಚ್ಚು ಇತ್ತು.

ನನ್ನ ಕೈಗೆ ಬಂದ ಚಿತ್ರದ ಮೇಲ್ತುದಿಯಲ್ಲಿ ಬಂಗಾರದ ಬಣ್ಣದಲ್ಲಿ, ಪರ್ಷಿಯನ್ ಲಿಪಿಯಲ್ಲಿ 'ಅಸ್ಸುಲ್ತಾನ್ ಫತ್ ಅಲಿ ಷಾ ಕಜಾರ್' ಎಂದು ಬರೆದಿತ್ತು. ಚಿತ್ರ ಇಟ್ಟುಕೊಂಡಿದ್ದ ಮನೆಯವರೂ ಹಾಗೇ ನಂಬಿದ್ದರು. 1797ರಿಂದ 1834ರವರೆಗೆ ಆಳಿದ ಈ ಷಾಗೆ ಚಿತ್ರ ಬರೆಸಿಕೊಳ್ಳುವ ಹುಚ್ಚು ವಿಪರೀತ. ಈಸ್ಟ್ ಇಂಡಿಯಾ ಕಂಪನಿಗೂ ಒಂದು ಕಳಿಸಿದ್ದ, ಮಿರ್ಜಾ ಬಾಬಾ ಬರೆದದ್ದು. ಹಾಗಾಗಿ ಹೋಲಿಸಿ ನೋಡಲು ಸಾಮಗ್ರಿಗೆ ಕೊರತೆಯಿಲ್ಲ.

ಷಾನ ಆಸ್ಥಾನ ಕಲಾವಿದ ಮಿಹ್ರ್ ಅಲಿ ಬರೆದ, ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂನಲ್ಲಿರುವ ಚಿತ್ರಗಳ ಫೋಟೊ ಪಕ್ಕದಲ್ಲಿಟ್ಟುಕೊಂಡೆ. ಅಲ್ಲಿ ಷಾನ ಗಡ್ಡ ಸೊಂಟ ಮುಟ್ಟುತ್ತದೆ. ನಮ್ಮವನದು ಎದೆಗೇ ನಿಂತಿದೆ. ತಲೆ ಮೇಲೆ ಕಿರೀಟವಿಲ್ಲ, ಕುರಿಮರಿ ತೊಗಲಿನ ಕಪ್ಪು ಟೋಪಿ. ಅಷ್ಟಕ್ಕೇ ಷಾ ಅಲ್ಲ ಅನ್ನುವಂತಿಲ್ಲ, ಕಿರೀಟವಿಲ್ಲದ ಷಾ ಚಿತ್ರಗಳೂ ಇವೆ. ನಾನು ಹುಡುಕಿದ್ದು ತೋಳನ್ನು. ಷಾನ ಬಾಜೂಬಂದಿಯಲ್ಲಿ ದರಿಯಾ-ಇ-ನೂರ್ ಇರುತ್ತಿತ್ತು. 1739ರಲ್ಲಿ ನಾದಿರ್ ಷಾ ದೆಹಲಿಯಿಂದ ಹೊತ್ತೊಯ್ದ ಗೋಲ್ಕೊಂಡದ ವಜ್ರ ಅದು, ಹಲಗೆಯ ಹಾಗೆ ಚಪ್ಪಟೆ. ಅಂಥದ್ದನ್ನು ತೋರಿಸಿಕೊಳ್ಳದೆ ಅವನು ಸುಮ್ನೆ ಕೂರುವ ಆಸಾಮಿಯಲ್ಲ. ನಮ್ಮವನ ತೋಳಲ್ಲಿ ಇದ್ದದ್ದು ಸಣ್ಣ ಕೆಂಪು ಹರಳು, ಸುತ್ತ ಒಂದು ಸಾಲು ಮುತ್ತು.

ಹಾಗಾದರೆ ಹೆಸರು? ಭೂತಗನ್ನಡಿ ಹಿಡಿದೆ. ಹಳೇ ತೈಲವರ್ಣ ಒಣಗಿ ಬಲೆಯಂತೆ ಬಿರುಕು ಬಿಟ್ಟಿರುತ್ತದೆ. ಬರಹವೂ ಆಗಿನದೇ ಆಗಿದ್ದರೆ ಬಿರುಕು ಅಕ್ಷರವನ್ನೂ ಸೀಳಿಕೊಂಡು ಹೋಗಬೇಕು ಅಲ್ವಾ? ಇಲ್ಲಿ ಉಲ್ಟಾ. 'ಷಾ' ಪದದ ಮೂರು ಚುಕ್ಕಿಗಳ ಬಣ್ಣ ಬಿರುಕಿನೊಳಗೆ ಇಳಿದು ಅಲ್ಲೇ ಗಟ್ಟಿಯಾಗಿತ್ತು. ಯುವಿ (ನೇರಳಾತೀತ) ದೀಪ ಹಾಕಿದರೆ ಹಳೇ ವಾರ್ನಿಷ್ ತಿಳಿ ಹಸಿರಾಗಿ ಹೊಳೆಯಿತು, ಅದರ ಮೇಲೆ ಇಡೀ ಸಾಲು ಕಪ್ಪಗೆ ಎದ್ದು ಕಂಡಿತು. ಎಷ್ಟೋ ಕಾಲದ ಮೇಲೆ ಯಾರೋ ಬರೆದದ್ದು. ಷಾ ಹೆಸರಿದ್ದರೆ ಬೆಲೆ ಜಾಸ್ತಿ ತಾನೇ.

ಅದೇ ದೀಪದಲ್ಲಿ ಚಿತ್ರದ ಮೇಲಿನ ಎರಡೂ ಮೂಲೆಗಳು ಆಮೇಲೆ ಸೇರಿಸಿದ ಬೇರೆ ಕ್ಯಾನ್ವಾಸ್ ಬಟ್ಟೆಯವು ಅಂತಲೂ ಗೊತ್ತಾಯಿತು. ಮೂಲ ಚಿತ್ರದ ತಲೆ ಕಮಾನಿನಂತಿತ್ತು. ಅರಮನೆ ಗೋಡೆಯ ಗೂಡುಗಳಿಗೆ ಕೂರಿಸಲು ಹೀಗೆ ಮಾಡುತ್ತಿದ್ದರು, ಎಷ್ಟೋ ಸಲ ಸಾಲು ಸಾಲಾಗಿ. ಅಂದರೆ ಇವನ ಅಕ್ಕಪಕ್ಕ ಅಣ್ಣತಮ್ಮಂದಿರೂ ಇದ್ದಿರಬಹುದು. ಮುತ್ತಿನ ಅಂಚಿನ ದಿಂಬು, ರತ್ನದ ಹಿಡಿಯ ಬಾಕು ನೋಡಿದರೆ ರಾಜಮನೆತನದವನು ಎನ್ನಬಹುದು. ಆದರೆ ಫತ್ ಅಲಿಗೆ ಐವತ್ತಕ್ಕೂ ಜಾಸ್ತಿ ಗಂಡುಮಕ್ಕಳು. ಎಲ್ಲರಿಗೂ ಗೊತ್ತಿರುವ ಹೆಸರು ಯುವರಾಜ ಅಬ್ಬಾಸ್ ಮಿರ್ಜಾ. ಮನೆಯವರು ಕೇಳಿದ್ದೂ ಅದನ್ನೇ, 'ಕೊನೇಪಕ್ಷ ಅವನು ಅಂತಲಾದರೂ ಹಾಕಿ ಸರ್.' ಆಗಲ್ಲ ಅಂದೆ. ನನ್ನ ವರದಿಯಲ್ಲಿರುವುದು ಇಷ್ಟೇ: 'ಕಜಾರ್ ರಾಜಕುಮಾರ, 19ನೇ ಶತಮಾನದ ಮೊದಲ ಭಾಗ. ಮೇಲಿನ ಬರಹ ಆಮೇಲಿನದು.'