ಜುಲೈನಲ್ಲಿ ಒಣಗಿದ ಆಗುಂಬೆ

ದಿನವಹಿ ಮಳೆಯ ಅಂಕಿಗಳನ್ನು ಎಕ್ಸ್‌ಅರೇ ಎಂಬ ಪೈಥಾನ್ ಲೈಬ್ರರಿಯ ಮೂಲಕ ನೆಟ್‌ಸಿಡಿಎಫ್ ಕಡತಕ್ಕೆ (ಹವಾಮಾನದಂಥ ಅಂಕಿಗಳನ್ನಿಡುವ ಕಡತರೂಪ) ಬರೆದಿದ್ದೆ. ಗಾತ್ರ ಇಳಿಯಲೆಂದು 16 ಬಿಟ್ ಪೂರ್ಣಾಂಕ, ಸ್ಕೇಲ್ 0.1, ಅಂದರೆ ಕಡತದಲ್ಲಿ 1 ಇದ್ದರೆ ನಿಜವಾದ ಅಳತೆ 0.1. ತೆರೆದು ನೋಡಿದರೆ ಮಾಪಕ ಕೆಟ್ಟಿದ್ದ ದಿನಗಳಲ್ಲೆಲ್ಲ ಮಳೆ 0.0! ಆಗುಂಬೆಯಲ್ಲಿ, ಅದೂ ಜುಲೈನಲ್ಲಿ.

ಪೂರ್ಣಾಂಕದಲ್ಲಿ ‘ನ್ಯಾನ್’ಗೆ, ಅಂದರೆ ‘ಅಳತೆ ಇಲ್ಲ’ ಎನ್ನುವ ಗುರುತಿಗೆ, ಜಾಗವೇ ಇಲ್ಲ, ನನ್ನ ಕಂಪ್ಯೂಟರ್ ಅದನ್ನು ಸದ್ದಿಲ್ಲದೆ ಸೊನ್ನೆ ಮಾಡಿತ್ತು. ಸದ್ದಿಲ್ಲದೆ ಎನ್ನುವುದೂ ಅನ್ಯಾಯವೇ. ಎಕ್ಸ್‌ಅರೇ ಎಚ್ಚರಿಸಿತ್ತು, ಎಚ್ಚರಿಕೆಗಳ ಬಾಯಿ ಮುಚ್ಚಿಸುವ ಸಾಲನ್ನು ಬರೆದವನು ನಾನೇ.

ಎನ್‌ಕೋಡಿಂಗ್‌ನಲ್ಲಿ, ಅಂದರೆ ಕಡತಕ್ಕೆ ಹೇಗೆ ಬರೆಯಬೇಕೆಂಬ ಸೂಚನೆಗಳಲ್ಲಿ, ‘_ಫಿಲ್‌ವ್ಯಾಲ್ಯೂ’ಗೆ (ಅಳತೆ ಇಲ್ಲದ ಕಡೆ ತುಂಬುವ ಸಂಖ್ಯೆ) -32768 ಕೊಟ್ಟೆ. ಮಳೆಗಾದರೆ -1 ಸಾಕಿತ್ತು; ಆದರೆ ಇದೇ ಕೋಡ್ ಉಷ್ಣಾಂಶಕ್ಕೂ ಬೇಕು, ಅಲ್ಲಿ -1 ಎಂದರೆ -0.1 ಡಿಗ್ರಿ, ನಿಜವಾದ ಅಳತೆ. ಮತ್ತೆ ಬರೆದು, ತೆರೆದು, ಖಾಲಿ ದಿನಗಳನ್ನು ಎಣಿಸಿದೆ: ಬರೆಯುವ ಮುನ್ನ 11, ಓದಿದ ಮೇಲೂ 11.