ಅಪರೂಪದ ಹಕ್ಕಿ ಕಂಡಿತೇ? ಮೊದಲು ಬೆರಳು ಎಣಿಸಿ

ಚಳಿಗಾಲ ಬಂತೆಂದರೆ ನನ್ನ ಮೊಬೈಲಿಗೆ ಮಸುಕು ಚಿತ್ರಗಳ ಸುಗ್ಗಿ. ಆಕಾಶದಲ್ಲೊಂದು ಕಂದು ಚುಕ್ಕೆ, ಕೆಳಗೆ ಒಂದು ಪ್ರಶ್ನೆ: ‘ಸರ್, ಇದು ಸ್ಟೆಪಿ ಈಗಲ್ ಅಲ್ಲವೇ?’ ಬಹುಪಾಲು ಸಲ ಅದು ಮೀನಿನಂಗಡಿಯ ಮೇಲೆ ಸುತ್ತುವ ನಮ್ಮ ಮಾಮೂಲಿ ಹದ್ದೇ. ಇನ್ನೂ ಎಳೆಯದಾದ್ದರಿಂದ ಮೈತುಂಬ ತಿಳಿ ಗೀರುಗಳಿರುತ್ತವೆ, ಹೊಸ ಹಕ್ಕಿಯಂತೆ ತೋರುತ್ತದೆ. ಹದ್ದಿನ ಬಾಲ ಕವಲು ಎಂಬುದು ಎಲ್ಲರಿಗೂ ಗೊತ್ತು. ಬಾಲ ಬಿಚ್ಚಿದಾಗ ಆ ಕವಲು ಮಾಯವಾಗುತ್ತದೆ ಎಂಬುದನ್ನು ಮಾತ್ರ ಮರೆಯುತ್ತಾರೆ. ಮಡಚುವವರೆಗೆ ಅರ್ಧ ನಿಮಿಷ ಕಾದಿದ್ದರೆ ಸಾಕಿತ್ತು.

ಹಾಗೆಂದು ಬೆಂಗಳೂರಿನ ಸುತ್ತ ಅಪರೂಪದ್ದು ಬರುವುದೇ ಇಲ್ಲವೆಂದಲ್ಲ. ಸೆಪ್ಟೆಂಬರಿನಲ್ಲಿ ಬೂದು ಸಿಪಿಲೆಗಳು ಬಾಲ ಕುಣಿಸುತ್ತ ಇಳಿಯುವುದರಿಂದ ಹಿಡಿದು ಬೇಸಿಗೆಯ ಹೊಸ್ತಿಲಲ್ಲಿ ಕಬ್ಬಕ್ಕಿಗಳ ಹಿಂಡು ಹೊರಡುವವರೆಗೆ ಏನು ಬೇಕಾದರೂ ಬರಬಹುದು. ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಪುಟ್ಟ ಬಂಧು ಲೆಸ್ಸರ್ ಫ್ಲೋರಿಕನ್ ಕೂಡ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಮುಖ ತೋರಿಸಿದ್ದುಂಟು. ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ ನಾಲ್ಕು ಜನ ನಂಬುವಂತೆ ದಾಖಲಿಸುವುದು ಹೇಗೆ?

ಹಂತ 1: ಮಾಮೂಲಿ ಹಕ್ಕಿಗಳನ್ನು ಕಲಿಯಿರಿ. ಮನೆಗೆ ಹತ್ತಿರದ ಒಂದೇ ಕೆರೆಗೆ ಇಡೀ ಚಳಿಗಾಲ ಹೋಗಿ. ಜಕ್ಕೂರಾದರೂ ಸರಿ, ಹೊಸಕೋಟೆಯಾದರೂ ಸರಿ. ವಾರಕ್ಕೊಂದು ಕೆರೆ ಸುತ್ತುವವರಿಗೆ ಹಕ್ಕಿಗಳ ಪಟ್ಟಿ ಬೆಳೆಯುತ್ತದೆ, ಕಣ್ಣು ಬೆಳೆಯುವುದಿಲ್ಲ. ಕೆಸರಿನಂಚಿನಲ್ಲಿ ಓಡಾಡುವ ಮೂರು ಗೊರವಗಳನ್ನು ಪುಸ್ತಕ ತೆರೆಯದೆ ಬಿಡಿಸಿ ಹೇಳಬಲ್ಲಿರಾದರೆ ಮುಂದಿನ ಹಂತಕ್ಕೆ ಬನ್ನಿ. ಬೆನ್ನ ಮೇಲೆ ಚುಕ್ಕಿ, ಕಣ್ಣಿನ ಮೇಲೆ ಬಿಳಿ ಹುಬ್ಬಿದ್ದರೆ ವುಡ್ ಸ್ಯಾಂಡ್‌ಪೈಪರ್. ರೆಕ್ಕೆಯ ಮುಂದೆ ಹೆಗಲಿಗೇರುವ ಬಿಳಿ ಇದ್ದು, ಹಿಂಭಾಗ ಒಂದೇ ಸಮನೆ ಕುಣಿಯುತ್ತಿದ್ದರೆ ಕಾಮನ್. ಹಾರಿದಾಗ ಕಪ್ಪು ಬಿಳುಪು ಎನ್ನುವಷ್ಟು ಎದ್ದು ಕಂಡರೆ ಗ್ರೀನ್.

ಹಂತ 2: ದುರ್ಬೀನು. 8x42, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು ಕೊಳ್ಳಿ, ಬೇರೆ ಯೋಚನೆ ಬೇಡ. ಕನ್ನಡಕಕ್ಕೆ ಕುಂಕುಮ ಬಳಿದಂತೆ ಗಾಜು ಕೆಂಪಗೆ ಹೊಳೆಯುವ ಅಗ್ಗದ ದುರ್ಬೀನುಗಳು ಆನ್‌ಲೈನಿನಲ್ಲಿ ರಾಶಿ ಬಿದ್ದಿವೆ. ಅವುಗಳಲ್ಲಿ ಬಣ್ಣವೇ ಸರಿಯಾಗಿ ಕಾಣುವುದಿಲ್ಲ. ‘8ರಿಂದ 24 ಪಟ್ಟು ಜೂಮ್’ ಎನ್ನುವುದೂ ಬೇಡ. 24 ಪಟ್ಟಿನಲ್ಲಿ ನಿಮಗೆ ಕಾಣುವುದು ನಿಮ್ಮದೇ ಕೈನಡುಕ. ಮೊಬೈಲಿಗೆ ಸಿಕ್ಕಿಸುವ ಮಸೂರವನ್ನು ನಾನೂ ಒಂದು ಕೊಂಡಿದ್ದೆ. ಈಗ ಅದು ಮೊಮ್ಮಗನ ಆಟಿಕೆ.

ಹಂತ 3: ಸೂರ್ಯ ಬೆನ್ನಿಗಿರಲಿ. ಬೆಳಗ್ಗೆಯಾದರೆ ಕೆರೆಯ ಪೂರ್ವ ದಂಡೆ, ಸಂಜೆಯಾದರೆ ಪಶ್ಚಿಮ. ಇಷ್ಟೇ.

ಹಂತ 4: ಕ್ಯಾಮೆರಾಕ್ಕಿಂತ ಮೊದಲು ಕಣ್ಣು. ಎಡವುವುದೆಲ್ಲ ಇಲ್ಲಿಯೇ, ಆದ್ದರಿಂದ ನನ್ನದೇ ಕತೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಸಂಜೆ ಹೆಸರಘಟ್ಟದಲ್ಲಿ ನಿಂತಿದ್ದೆ. ಕಂದು ಹಕ್ಕಿಯೊಂದು ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಹುಲ್ಲನ್ನು ಸವರುವಂತೆ ತೇಲಿ ಬಂತು. ಬಾಲದ ಬುಡದಲ್ಲಿ ಅಚ್ಚ ಬಿಳಿ ಪಟ್ಟೆ. ಸೆಳೆವ, ಅಂದರೆ ಹ್ಯಾರಿಯರ್ ಜಾತಿಯ ಬೇಟೆಹಕ್ಕಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಯಾವ ಹ್ಯಾರಿಯರ್? ಮೊಂಟಾಗು, ಪ್ಯಾಲಿಡ್, ಹೆನ್ ಮೂರರ ಹೆಣ್ಣುಗಳೂ ಕಂದು, ಮೂರಕ್ಕೂ ಅಲ್ಲಿ ಬಿಳಿ. ಮೊದಲೆರಡು ಇಲ್ಲಿಗೆ ಬರುವ ಚಳಿಗಾಲದ ನೆಂಟರು. ಮೂರನೆಯದು ಉತ್ತರ ಭಾರತದಲ್ಲಿಯೇ ಉಳಿಯುವಂಥದ್ದು, ದಕ್ಷಿಣಕ್ಕೆ ಬಂದರೆ ಸುದ್ದಿ. ನಾನು ಪಟಪಟನೆ ಫೋಟೊ ತೆಗೆದು, ಮನೆಗೆ ಬಂದು, ಪುಸ್ತಕದ ಚಿತ್ರಗಳಲ್ಲಿ ನನಗೆ ಬೇಕಾದ್ದನ್ನು ಆರಿಸಿಕೊಂಡು ಹೆನ್ ಹ್ಯಾರಿಯರ್ ಎಂದು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣದಲ್ಲಿ ದಾಖಲಿಸಿಬಿಟ್ಟೆ. ಮಾರನೆಯ ದಿನ ಅಲ್ಲಿನ ಪರಿಶೀಲಕರಿಂದ ಒಂದು ಸಾಲಿನ ಪತ್ರ ಬಂತು: ‘ಬೆರಳೆಷ್ಟು?’

ಬೆರಳೆಂದರೆ ರೆಕ್ಕೆಯ ತುದಿಯಲ್ಲಿ ಬಿಡಿಬಿಡಿಯಾಗಿ ಚಾಚಿಕೊಳ್ಳುವ ಉದ್ದ ಗರಿಗಳು. ಹೆನ್ ಹ್ಯಾರಿಯರಿಗೆ ಐದು, ಹಾಗಾಗಿ ರೆಕ್ಕೆಯ ತುದಿ ಅಗಲ. ಉಳಿದೆರಡಕ್ಕೆ ನಾಲ್ಕು, ತುದಿ ಚೂಪು. ಹಕ್ಕಿ ರೆಕ್ಕೆ ಬಡಿಯುವಾಗ ಇದನ್ನು ಎಣಿಸಲಾಗದು. ಗಾಳಿಗೆ ಒರಗಿ ತಿರುವು ತೆಗೆದುಕೊಳ್ಳುವಾಗ ರೆಕ್ಕೆ ಪೂರ್ತಿ ಬಿಚ್ಚುತ್ತದಲ್ಲ, ಆ ಗಳಿಗೆಗೆ ಕಾಯಬೇಕು. ಆಮೇಲೆ ಮುಖ: ಕೆನ್ನೆಯ ಕಪ್ಪಿನ ಹಿಂದೆ ಕೊರಳಿಗೆ ತಿಳಿ ಪಟ್ಟಿ ಕಟ್ಟಿದಂತಿದ್ದರೆ ಪ್ಯಾಲಿಡ್ ಕಡೆಗೆ ಯೋಚಿಸಿ, ಪಟ್ಟಿ ಸ್ಪಷ್ಟವಿಲ್ಲದೆ ಕಣ್ಣಿನ ಸುತ್ತಲೇ ಹೆಚ್ಚು ಬಿಳಿಯಿದ್ದರೆ ಮೊಂಟಾಗು. ಕೊನೆಗೆ ಹೊಟ್ಟೆ: ಗೀರಿಲ್ಲದ ಇಟ್ಟಿಗೆ ಬಣ್ಣವಾದರೆ ಅದು ಈ ಎರಡರಲ್ಲೊಂದರ ಮರಿ, ಹೆನ್‌ನ ಮರಿಗೆ ಗೀರುಗಳಿರುತ್ತವೆ.

ಇಷ್ಟನ್ನೂ ಹಕ್ಕಿ ಎದುರಿಗಿರುವಾಗಲೇ ಬರೆದುಕೊಳ್ಳಿ. ಪುಸ್ತಕ, ಆ್ಯಪ್, ಪಕ್ಕದವರ ಮಾತು ಎಲ್ಲ ಆಮೇಲೆ. ಪುಸ್ತಕದ ಚಿತ್ರ ಒಮ್ಮೆ ನೋಡಿದಿರೋ, ಕಂಡದ್ದು ಅಳಿಸಿ ಚಿತ್ರದ್ದೇ ನೆನಪಾಗಿ ಕೂರುತ್ತದೆ. ಆಲೂಗಡ್ಡೆಗೆ ಕೊಕ್ಕಿಟ್ಟಂಥ ಚಿತ್ರ ಬರೆದು ಬಿಳಿ ಎಲ್ಲಿ, ಗೀರು ಎಲ್ಲಿ ಎಂದು ಗೆರೆ ಎಳೆದರೂ ಸಾಕು. ಕಾಣದ್ದನ್ನೂ ಬರೆಯಿರಿ: ‘ಕಾಲಿನ ಬಣ್ಣ ಕಾಣಲಿಲ್ಲ’ ಎಂಬ ಸಾಲಿಗೆ ಬಹಳ ಬೆಲೆಯಿದೆ. ಬರೆಯಲು ಬೇಸರವಾದರೆ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ನಾನು ಒಪ್ಪುವ ಅಡ್ಡದಾರಿ ಇದೊಂದೇ.

ಮರ್ಲಿನ್ ಆ್ಯಪ್ ಕೂಗು ಕೇಳಿಯೇ ಹೆಸರು ಹೇಳುತ್ತದೆ ನಿಜ. ಎಲ್ಲಿ ನೋಡಬೇಕೆಂದು ತಿಳಿಯಲು ಬಳಸಿ, ಸಾಕ್ಷಿಯಾಗಿ ಬೇಡ. ಅದು ‘ಶಿಕ್ರಾ’ ಎಂಬ ಪುಟ್ಟ ಬೇಟೆಹಕ್ಕಿಯ ಹೆಸರು ಹೇಳುವಾಗ ಎದುರಿನ ತಂತಿಯ ಮೇಲೆ ಕೂತು ಕೂಗುತ್ತಿರುವುದು ಕಾಜಾಣವಾಗಿರಬಹುದು. ಶಿಕ್ರಾದ ದನಿ ಅಣಕಿಸಿ ಮೈನಾಗಳನ್ನು ಹೆದರಿಸುವ ಹಕ್ಕಿ ಅದು.

ಹಂತ 5: ಬಾಯಿ ಬಿಡುವ ಮುನ್ನ ಯೋಚಿಸಿ. ಸೆಳೆವಗಳು ರಾತ್ರಿ ಮಲಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಅವು ಇಳಿಯುವ ಜಾಗದ ನಕ್ಷೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮಾರನೆಯ ಸಂಜೆ ಅಲ್ಲಿ ಜೀಪಿನ ಗಾಲಿಯ ಗುರುತಿರುತ್ತದೆ. ಹುಲ್ಲಿನೊಳಕ್ಕೆ ಕಾರು ನುಗ್ಗಿಸಿ, ಕಿಟಕಿಯಿಂದ ಲೆನ್ಸ್ ಚಾಚಿದವರನ್ನು ನಾನೇ ಕಂಡಿದ್ದೇನೆ. ದಾಖಲೆಗೆ ‘ಹೆಸರಘಟ್ಟ ಕೆರೆ’ ಎಂಬ ಸಾರ್ವಜನಿಕ ತಾಣದ ಹೆಸರೇ ಸಾಕು.

ಹಂತ 6: ದಾಖಲಿಸಿ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಆರಂಭಿಸಿದ ಇ-ಬರ್ಡ್ ಉಚಿತ. ಅಪರೂಪದ್ದಷ್ಟೇ ಹಾಕಬೇಡಿ, ಆ ಹೊತ್ತಿನಲ್ಲಿ ಕಂಡ ಕಾಗೆ, ಪಾರಿವಾಳಗಳನ್ನೂ ಎಣಿಸಿ ಸೇರಿಸಿ. ಆ ಜಾಗಕ್ಕೆ, ಆ ತಿಂಗಳಿಗೆ ಹೊಂದದ ಹೆಸರು ಕಂಡರೆ ವ್ಯವಸ್ಥೆಯೇ ವಿವರ ಕೇಳುತ್ತದೆ. ಅಲ್ಲಿ ‘ಚೆನ್ನಾಗಿ ನೋಡಿದೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ದೂರ, ಬೆಳಕು, ಎಷ್ಟು ಹೊತ್ತು ಕಂಡಿತು, ಬೆರಳೆಷ್ಟು, ಬೇರೆ ಯಾವುದು ಏಕಲ್ಲ ಎಂದು ನೋಟ್‌ಬುಕ್ಕಿನಲ್ಲಿದ್ದದ್ದನ್ನೇ ಇಳಿಸಿ. ಪರಿಶೀಲಕರು ಪ್ರಶ್ನೆ ಕೇಳಿದರೆ ಮುನಿಸಿಕೊಳ್ಳಬೇಡಿ. ಅವರೂ ನಮ್ಮಂತೆ ಸಂಬಳವಿಲ್ಲದೆ ಮಾಡುವವರು.

ಖಾತ್ರಿಯಾಗದಿದ್ದರೆ ‘ಪ್ಯಾಲಿಡ್ ಅಥವಾ ಮೊಂಟಾಗು’ ಎಂದು ದಾಖಲಿಸುವ ಅವಕಾಶವೂ ಪಟ್ಟಿಯಲ್ಲಿದೆ. ಅಂದು ನಾನು ಫೋಟೊ ಹಿಗ್ಗಿಸಿ ಎಣಿಸಿದಾಗ ಬೆರಳು ನಾಲ್ಕೇ ಇದ್ದವು. ಮುಖ ಮಸುಕಾಗಿತ್ತು. ನನ್ನ ಹೆನ್ ಹ್ಯಾರಿಯರ್ ಈಗಲೂ ಆ ‘ಅಥವಾ’ದಲ್ಲಿಯೇ ಕುಳಿತಿದೆ.